ತವರಿನಲ್ಲೇ ಉಳಿದ ಪದವಿ

ಮದ್ದೂರಿನಿಂದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. 1994ರಲ್ಲಿ ನಾನು ಸೊಸೆಯಾಗಿ ಬಂದಾಗ ಬಟ್ಟೆಬರೆ, ಪಾತ್ರೆಪಡಗ, ಅವ್ವ ಕೊಟ್ಟ ಹೊಲಿಗೆ ಯಂತ್ರ ಎಲ್ಲವೂ ನನ್ನ ಜೊತೆ ಸಲೀಸಾಗಿ ಬಂದವು. ಬರಲಾರದೆ ಉಳಿದದ್ದು ನನ್ನ ಎರಡು ವರ್ಷದ ಬಿ.ಎ. ಮಾತ್ರ.

ಐಚ್ಛಿಕ ಇಂಗ್ಲಿಷ್ ಓದುತ್ತಿದ್ದೆ. "ಓದು ನಿಲ್ಲಿಸುವುದಿಲ್ಲ, ಇಲ್ಲೇ ಮುಗಿಸಲಿ" ಎಂದು ಮಾವನವರು ಮಾತು ಕೊಟ್ಟಿದ್ದರು. ಮಾತಿಗೆ ತಪ್ಪಲೂ ಇಲ್ಲ. ಅವರೇ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದರು. ಕಚೇರಿಯವರು ಅಂಕಪಟ್ಟಿ ತಿರುವಿ, "ನಿಮ್ಮದು ಮೈಸೂರು ವಿಶ್ವವಿದ್ಯಾನಿಲಯ, ನಮ್ಮದು ಬೆಂಗಳೂರು. ಪಾಠ ಹೊಂದುವುದಿಲ್ಲ. ಐಚ್ಛಿಕ ಇಂಗ್ಲಿಷೂ ಇಲ್ಲ. ಬೇಕಾದರೆ ಮೊದಲ ವರ್ಷದಿಂದ ಎಚ್.ಇ.ಪಿ.ಗೆ ಸೇರಿಕೊಳ್ಳಿ" ಎಂದರು. ಪಕ್ಕದ ಮೇಜಿನವರು, "ಮದುವೆ ಆಯ್ತಲ್ಲ ತಾಯಿ, ಇನ್ಯಾಕೆ?" ಎಂದು ನಕ್ಕರು. ಮಾವನವರು ತಲೆ ತಗ್ಗಿಸಿ ಹೊರಗೆ ಬಂದರು, ಅವರ ಹಿಂದೆ ನಾನೂ ಬಂದೆ. ಆ ಉತ್ತರವನ್ನು ಬರೆದು ಕೊಡಿ ಎಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ.

ಹಳೆಯ ಕತೆ ಎನ್ನಬೇಡಿ. ನನ್ನ ತಂಗಿಯ ಮಗಳು ಮಂಡ್ಯದ ಕಡೆಯಿಂದ ಕನಕಪುರಕ್ಕೆ ಬಂದಿದ್ದಾಳೆ. 2023ರಲ್ಲಿ ಹೊಸ ಶಿಕ್ಷಣ ನೀತಿಯಡಿ ಬಿ.ಎ. ಸೇರಿದವಳು, ಅವಳಿಗೆ ಮುಖ್ಯ ವಿಷಯ ಎರಡು, ಅದರಲ್ಲಿ ಇಂಗ್ಲಿಷ್ ಒಂದು. ಬಾಣಂತನಕ್ಕೆಂದು ಒಂದು ವರ್ಷ ಬಿಟ್ಟಳು. ಅಷ್ಟರಲ್ಲಿ, 2024-25ರಿಂದ, ರಾಜ್ಯ ಸರ್ಕಾರ ಹಿಂದಿನ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಮರಳಿತು. ಈಗ ಅವಳು ಕೂರಬೇಕಾದ ತರಗತಿಯವರು ಮೊದಲಿನಿಂದ ಮೂರು ವಿಷಯ ಓದಿದವರು. ಊರು ಬದಲು, ವಿಶ್ವವಿದ್ಯಾನಿಲಯ ಬದಲು, ಪದ್ಧತಿಯೂ ಬದಲು. ಯಾವ ಪತ್ರಿಕೆ ಉಳಿಯಿತು, ಯಾವುದು ಹೋಯಿತು ಎಂದು ಕೂಸು ಎತ್ತಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಳೆ. ವರ್ಗಾವಣೆ ಪತ್ರ, ವಲಸೆ ಪತ್ರ, ಅರ್ಹತಾ ಪತ್ರ ಎಲ್ಲಕ್ಕೂ ನಿಯಮವಿದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ನಮ್ಮ ಜಿಲ್ಲೆಗೆ 2007ರಲ್ಲಿ ರಾಮನಗರ ಎಂದು ಹೆಸರಿಟ್ಟರು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಿದರು. ಜಿಲ್ಲೆಯ ಹೆಸರು ಬದಲಾದರೆ ಯಾರ ಪಹಣಿಯೂ ರದ್ದಾಗುವುದಿಲ್ಲ. ಹೆಣ್ಣಿನ ಊರು ಬದಲಾದರೆ ಮಾತ್ರ ಅವಳ ಓದು ಏಕೆ ರದ್ದಾಗಬೇಕು?

"ಇಂಗ್ಲಿಷ್ ಬೇಕಾದರೆ ಬೆಂಗಳೂರಿಗೆ ಹೋಗಲಿ" ಎನ್ನುತ್ತಾರೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ. ಹಾಲು ಕುಡಿಯುವ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಮೊದಲ ಬಸ್ಸು ಹಿಡಿಯಿರಿ ಎನ್ನುವವರು ಒಂದು ವಾರ ತಾವೇ ಹಿಡಿದು ನೋಡಲಿ.

"ಕನ್ನಡದ ಹೆಣ್ಣಿಗೆ ಇಂಗ್ಲಿಷ್ ಸಾಹಿತ್ಯವೇಕೆ?" ಎನ್ನುವವರೂ ಇದ್ದಾರೆ. ಬಿ.ಎಂ.ಶ್ರೀ., ಅನಂತಮೂರ್ತಿ, ಲಂಕೇಶ್ ಇಂಗ್ಲಿಷ್ ಮೇಷ್ಟ್ರುಗಳೇ. ವೀಣಾ ಶಾಂತೇಶ್ವರ ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡದಲ್ಲಿ ಕತೆ ಬರೆದರು. ಕನ್ನಡಕ್ಕೆ ಇವರಿಂದ ನಷ್ಟವಾಯಿತೇ? ಹೊಟ್ಟೆಪಾಡಿನ ಮಾತೂ ಇದೆ. ನಮ್ಮ ಸಣ್ಣ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಮನೆಯ ಹತ್ತಿರ ಮರ್ಯಾದೆಯಿಂದ ಸಿಗುವ ಕೆಲಸ ಶಾಲೆಯದು. ಅಲ್ಲಿ ಮೊದಲು ಕೇಳುವುದೇ ಇಂಗ್ಲಿಷ್.

ನಾನು ಕೇಳುವುದು ದಾನವಲ್ಲ. ಬೇರೆ ವಿಶ್ವವಿದ್ಯಾನಿಲಯದ ಯಾವ ಪತ್ರಿಕೆ ಇಲ್ಲಿನ ಯಾವುದಕ್ಕೆ ಸಮ ಎಂಬ ಪಟ್ಟಿ ಪ್ರತಿ ಕಾಲೇಜಿನ ಗೋಡೆಯ ಮೇಲೆ ಇರಲಿ. ಕಡಿಮೆ ಬಿದ್ದ ಪತ್ರಿಕೆಯನ್ನು ಮುಂದಿನ ತರಗತಿಯ ಜೊತೆಯಲ್ಲೇ ಬರೆಯಲು ಬಿಡಲಿ. ಇಲ್ಲ ಎನ್ನುವುದಾದರೆ, ಸಹಿ ಹಾಕಿ ಬರೆದು ಕೊಡಲಿ.

ತಪ್ಪು ನಮ್ಮದೂ ಇದೆ ಅಕ್ಕಂದಿರೇ. ಜಾತಕ ಹೊಂದಿಸುತ್ತೇವೆ, ಸೀರೆಯ ಅಂಚಿಗೆ ರವಿಕೆ ಹೊಂದಿಸುತ್ತೇವೆ. ಹುಡುಗಿಯ ಓದು ಆ ಊರಿನಲ್ಲಿ ಹೊಂದುತ್ತದೆಯೇ ಎಂದು ಒಬ್ಬರೂ ವಿಚಾರಿಸುವುದಿಲ್ಲ. ಮುಹೂರ್ತ ಇಡುವ ಮುನ್ನ ಗಂಡಿನ ಊರಿನ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಅವಳು ಓದಿದ ಪಠ್ಯಕ್ರಮಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಪೆಟ್ಟಿಗೆಯಲ್ಲಿಡಿ. ಅಲ್ಲಿ ದಾರಿಯಿಲ್ಲವೆಂದಾದರೆ ಮದುವೆ ಒಂದು ವರ್ಷ ಕಾಯಲಿ.

ಅವ್ವ ಕೊಟ್ಟ ಯಂತ್ರದಿಂದ ಮೂವತ್ತು ವರ್ಷ ಊರಿನವರ ರವಿಕೆ ಹೊಲಿದಿದ್ದೇನೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಆ ಹುಡುಗಿ ಬಂದು, "ದೊಡ್ಡಮ್ಮ, ನನಗೂ ಹೊಲಿಗೆ ಹೇಳಿಕೊಡಿ" ಎಂದಳು. "ಕಲಿಸುತ್ತೇನೆ, ಡಿಗ್ರಿ ಮುಗಿಸಿಕೊಂಡು ಬಾ" ಎಂದಿದ್ದೇನೆ. ನಾಳೆ ಅವಳ ಜೊತೆ ಕಾಲೇಜಿಗೆ ನಾನೂ ಹೋಗುತ್ತೇನೆ. ಈ ಸಲ ಉತ್ತರ ಬರೆಸಿಕೊಳ್ಳದೆ ಬರುವುದಿಲ್ಲ.