ನೋವು ನಮ್ಮದು, ಮಾತೂ ನಮ್ಮದೇ ಇರಲಿ!

ಕನ್ನಡದ ಗೆಳೆಯರೇ,

ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ನಿಂತು, ಕಾಗದದ ರೀಮು ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು: ಹತ್ತರಲ್ಲಿ ನೋವು ಎಷ್ಟು? ‘ಸೆವೆನ್’ ಅಂದೆ. ಮಾತ್ರೆ ಬರೆದರು. ಮುಗಿಯಿತು!

ಸೆಳೆತವೋ, ಉರಿಯೋ, ಜೋಮೋ? ಕೇಳಲೇ ಇಲ್ಲ. ಉರಿ, ಜೋಮು ಇದ್ದರೆ ನರದ ತೊಂದರೆ ಇರಬಹುದು. ಅದಕ್ಕೆ ಔಷಧಿಯೇ ಬೇರೆ. ಬರೀ ‘ಸೆವೆನ್’ ಇದನ್ನು ಹೇಳೀತೆ?

ರೋಗಿಯ ಮಾತಿನ ಬೆಲೆ ಅರಿತೇ ಕೆನಡಾದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿನ ಪದಗಳ ಪ್ರಶ್ನಾವಳಿ ಪ್ರಕಟಿಸಿದರು. ರೋಗಿ ನೋವೆಂದರೆ ಆ ಮಾತನ್ನು ಗೌರವಿಸಬೇಕೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಹೇಳಿದೆ. ಮೂರು ತಿಂಗಳು ಮೀರಿದ ನೋವಿಗೆ ಬರೀ ಮಾತ್ರೆ ಸಾಲದು. ವ್ಯಾಯಾಮ, ನಿದ್ದೆ, ದುಡಿಯುವ ರೀತಿ ಎಲ್ಲವನ್ನೂ ರೋಗಿಯೊಡನೆ ಕೂತು ತೀರ್ಮಾನಿಸಬೇಕು. ಅವನ ಭಾಷೆ ಬಿಟ್ಟು ಅದು ಹೇಗೆ ಸಾಧ್ಯ?

ಯುವಕರೇ, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ ಅವರ ಪರವಾಗಿ ನೀವೇ ಇಂಗ್ಲಿಷಿನಲ್ಲಿ ಉತ್ತರಿಸಬೇಡಿ. ಅವರೇ ಕನ್ನಡದಲ್ಲಿ ಹೇಳಲಿ. ಡಾಕ್ಟರಿಗೆ ತಿಳಿಯದಿದ್ದರೆ ಕನ್ನಡ ಬಲ್ಲ ನರ್ಸನ್ನು ಕರೆಸಲಿ. ಇದು ಭಿಕ್ಷೆಯಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ!