ಹುಳಿಯನ್ನೇ ಬಂಡವಾಳ ಮಾಡಿಕೊಂಡ ಬೆಟ್ಟದ ದ್ರಾಕ್ಷಿ

ದ್ರಾಕ್ಷಿ ತೋಟಕ್ಕೆ ಬಂದ ವ್ಯಾಪಾರಿ ಮೊದಲು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ಸಿಹಿಯಿದ್ದರೆ ಒಂದು ದರ, ಹುಳಿಯಿದ್ದರೆ ಇನ್ನೊಂದು ದರ. ತಿನ್ನುವ ಹಣ್ಣಿನ ಮಟ್ಟಿಗೆ ಇದು ನ್ಯಾಯವೇ. ಆದರೆ ಇದೇ ಅಳತೆಗೋಲನ್ನು ಹಿಡಿದು ಹುಳಿ ತಳಿಗಳೆಲ್ಲ ಕೆಲಸಕ್ಕೆ ಬಾರದವು, ಕಿತ್ತು ಹಾಕಿ ಬೇರೆ ನೆಡಬೇಕು ಎಂದು ತೀರ್ಮಾನಿಸುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ಈ ತೀರ್ಮಾನ ಅವಸರದ್ದೆಂದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವಾಗಿ ಆಲ್ಪ್ಸ್ ಪರ್ವತದ ಒಂದು ಪುಟ್ಟ ದ್ರಾಕ್ಷಿ ಸೀಮೆಯ ಬೇಸಾಯವನ್ನು ಓದುಗರ ಮುಂದಿಡಬಯಸುತ್ತೇನೆ. ವೈನ್ ಕುಡಿಯಿರಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಅದು ಅವರವರಿಗೆ ಬಿಟ್ಟದ್ದು.

ಇಟಲಿಯ ವಾಯುವ್ಯ ಮೂಲೆಯಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡು ಆವೊಸ್ತಾ ಕಣಿವೆ ಇದೆ. ಇದು ಇಟಲಿಯ ಪ್ರಾಂತಗಳಲ್ಲೆಲ್ಲ ಚಿಕ್ಕದು. 1948ರಿಂದ ಸ್ವಾಯತ್ತ ಪ್ರಾಂತವಾಗಿರುವ ಇಲ್ಲಿ ಇಟಾಲಿಯನ್ ಮತ್ತು ಫ್ರೆಂಚ್ ಎರಡೂ ಆಡಳಿತ ಭಾಷೆಗಳು. ಕಣಿವೆಯ ಮೇಲ್ತುದಿಯಲ್ಲಿ, ಮೋಂ ಬ್ಲಾಂ ಶಿಖರದ ಬುಡದಲ್ಲಿ, ಮೋರ್ಜೆ ಮತ್ತು ಲಾ ಸಾಲ್ ಎಂಬ ಎರಡು ಊರುಗಳಿವೆ. ಮೋರ್ಜೆ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಬೆಂಗಳೂರಿನ ಎತ್ತರವೇ! ಆದರೆ ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿದ್ದರೆ ಆ ಊರು 45 ಡಿಗ್ರಿಗೂ ಆಚೆ ಇದೆ. ಆದುದರಿಂದ ನಮಗೆ ಹಿತವಾದ ಎತ್ತರ ಅವರಿಗೆ ಕಷ್ಟದ ಎತ್ತರ. ನಾವು ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಚಾಟನಿ ಮಾಡಿ ಬಳ್ಳಿಯನ್ನು ಎಬ್ಬಿಸುತ್ತೇವೆ. ಅವರ ಬಳ್ಳಿ ಚಳಿಗಾಲವಿಡೀ ಹಿಮದಲ್ಲಿ ಮಲಗಿದ್ದು, ಚಿಗುರಿ, ಹೂಬಿಟ್ಟು, ಕಾಯಾಗಿ ಮಾಗಲು ಒಂದೇ ಒಂದು ಕಿರು ಬೇಸಗೆ ಸಿಗುತ್ತದೆ. ತೋಟಗಳು 900ರಿಂದ 1,200 ಮೀಟರ್‌ವರೆಗೆ ಹತ್ತಿವೆ. ಯುರೋಪಿನ ಅತಿ ಎತ್ತರದ ದ್ರಾಕ್ಷಿ ತೋಟಗಳಲ್ಲಿ ಇವೂ ಸೇರಿವೆ.

ಅಲ್ಲಿ ನಿಲ್ಲುವ ತಳಿ ಒಂದೇ, ಪ್ರಿಯೇ ಬ್ಲಾಂ ಎಂಬ ಊರ ತಳಿ. ಬಿಳಿ ಹಣ್ಣು, ಬೇಗ ಮಾಗುವ ಗುಣ. ಅದರ ಬೇಸಾಯ ಕ್ರಮ ನೋಡುವಂಥದ್ದು. ಇಳಿಜಾರಿನಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿ ಅಟ್ಟಣೆ ಅಟ್ಟಣೆಯಾಗಿ ಪಟ್ಟೆಗಳನ್ನು ಕಟ್ಟಿದ್ದಾರೆ. ನಮ್ಮಂತೆ ಚಪ್ಪರವೇನೋ ಹಾಕುತ್ತಾರೆ, ಆದರೆ ಆಳು ನಿಂತು ಓಡಾಡುವ ಚಪ್ಪರವಲ್ಲ. ನೆಲಕ್ಕೆ ತೀರ ಹತ್ತಿರದ ಗಿಡ್ಡ ಚಪ್ಪರ. ಹಗಲು ಕಾದ ಮಣ್ಣು ಮತ್ತು ಕಲ್ಲು ರಾತ್ರಿ ಬಿಡುವ ಬಿಸಿ ಗೊಂಚಲಿಗೆ ತಾಗಲಿ, ಗಾಳಿ ಹಿಮಗಳ ಹೊಡೆತ ತಪ್ಪಲಿ ಎಂಬ ಉದ್ದೇಶ. ಸವರುವವರು, ಕೊಯ್ಯುವವರು ಬೆನ್ನು ಬಗ್ಗಿಸಿ, ಮೊಣಕಾಲೂರಿ ಕೆಲಸ ಮಾಡಬೇಕು. ಯಂತ್ರ ಇಳಿಯುವುದಿಲ್ಲ.

ಇನ್ನೊಂದು ವಿಶೇಷವಿದೆ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರು ಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ಹಾಳುಗೆಡವಿತು. ಅಮೆರಿಕದ ಕಾಡು ದ್ರಾಕ್ಷಿಯ ಬೇರುಸಸಿಗೆ ಕಸಿ ಕಟ್ಟಿಯೇ ಅಲ್ಲಿನ ತೋಟಗಳು ಬದುಕಿದವು. ಮೋರ್ಜೆಯ ಚಳಿಗೆ ಆ ಹೇನು ನೆಲೆಯೂರಲಿಲ್ಲ. ಹಾಗಾಗಿ ಅಲ್ಲಿನ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲಿವೆ. ಬಳ್ಳಿ ಸತ್ತ ಜಾಗಕ್ಕೆ ಪಕ್ಕದ ಬಳ್ಳಿಯ ಹಂಬನ್ನು ಬಗ್ಗಿಸಿ ಮಣ್ಣಲ್ಲಿ ಹೂತು ಬೇರು ಬರಿಸುತ್ತಾರೆ. ಇದನ್ನು ಓದಿ ನಮ್ಮ ರೈತರು ಡಾಗ್‌ರಿಡ್ಜ್ ಬೇರುಸಸಿಯನ್ನು ಬಿಟ್ಟುಬಿಡಬಾರದು. ನಮ್ಮ ಚೌಳು ನೀರು, ಜಂತುಹುಳು, ನೀರಿನ ಅಭಾವಗಳಿಗೆ ಅದು ಬೇಕೇ ಬೇಕು.

ಈಗ ಹುಳಿಯ ಮಾತಿಗೆ ಬರೋಣ. ಮಾಗುವ ಕಾಲದಲ್ಲಿ ಹಣ್ಣು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡುತ್ತದೆ. ಸೆಕೆ ಹೆಚ್ಚಿದಷ್ಟೂ, ರಾತ್ರಿ ಬೆಚ್ಚಗಿದ್ದಷ್ಟೂ ಈ ಖರ್ಚು ಹೆಚ್ಚು. ಬೆಟ್ಟದ ತಂಪು ರಾತ್ರಿಯಲ್ಲಿ ಆಮ್ಲ ಉಳಿದುಕೊಳ್ಳುತ್ತದೆ. ಜೊತೆಗೆ ಬೇಸಗೆ ಚಿಕ್ಕದಾದ್ದರಿಂದ ಸಕ್ಕರೆಯೂ ಮಿತಿಯಲ್ಲೇ ನಿಲ್ಲುತ್ತದೆ. ಹೀಗಾಗಿ ಇಲ್ಲಿನ ಬಿಳಿ ವೈನ್ ತೆಳು ಬಣ್ಣದ್ದು, ಹುಳಿ ಮುಂದಾದದ್ದು, ಮದ್ಯಸಾರ ಕಡಿಮೆಯದು. ಹಿಂದೆ ಇದು ಮನೆಮಂದಿ ಮತ್ತು ನೆರೆಹೊರೆಯವರ ಪಾನೀಯವಾಗಿತ್ತು. 1960ರ ದಶಕದಲ್ಲಿ ಮೋರ್ಜೆಯ ಪಾದ್ರಿ ಅಲೆಕ್ಸಾಂಡ್ರ್ ಬೂಜಾ ಇದನ್ನು ಸೀಸೆಗೆ ತುಂಬಿ ಹೊರಗಿನವರಿಗೆ ಪರಿಚಯಿಸಿದರು. 1983ರಲ್ಲಿ ಬೆಳೆಗಾರರೇ ಸೇರಿ ಸಹಕಾರಿ ವೈನ್ ಮನೆಯನ್ನು ಸ್ಥಾಪಿಸಿದರು.

ಈ ಸಹಕಾರಿ ಮನೆಯಲ್ಲಿ ಗುಳ್ಳೆ ವೈನ್ ಕೂಡ ತಯಾರಾಗುತ್ತದೆ. ಅಂದರೆ ಫ್ರಾನ್ಸಿನ ಷಾಂಪೇನ್ ಸೀಮೆಯವರು ಹೆಸರುವಾಸಿ ಮಾಡಿದ ಪದ್ಧತಿಯಂತೆ ಸೀಸೆಯಲ್ಲೇ ಎರಡನೆಯ ಸಲ ಹುದುಗಿಸಿದ ವೈನ್. ಇದರ ವಿಧಾನ ತಿಳಿದರೆ ಹುಳಿಯ ಬೆಲೆ ತಿಳಿಯುತ್ತದೆ. ಮೊದಲು ಸಾಧಾರಣ ಬಿಳಿ ವೈನ್ ಮಾಡಿಕೊಳ್ಳಬೇಕು. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ದಪ್ಪ ಗಾಜಿನ ಸೀಸೆಗೆ ತುಂಬಿ ಮುಚ್ಚಬೇಕು. ಸಕ್ಕರೆ ಹುದುಗಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್‌ಗೆ ಹೊರಗೆ ಹೋಗಲು ದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಸೀಸೆಯೊಳಗಿನ ಒತ್ತಡ ಸುಮಾರು ಆರು ವಾಯುಭಾರದಷ್ಟಾಗುತ್ತದೆ. ಸತ್ತ ಯೀಸ್ಟಿನ ಮಡ್ಡಿಯ ಮೇಲೆ ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ಸೀಸೆಯನ್ನು ತಲೆಕೆಳಗು ಮಾಡಿ ಮಡ್ಡಿಯನ್ನು ಕೊರಳಿಗೆ ಇಳಿಸಿ, ಕೊರಳನ್ನಷ್ಟೇ ಹೆಪ್ಪುಗಟ್ಟಿಸಿ ತೆಗೆದುಬಿಡುತ್ತಾರೆ.

ಎರಡನೆಯ ಹುದುಗುವಿಕೆಯಲ್ಲಿ ಮದ್ಯಸಾರ ಶೇಕಡ ಒಂದೂವರೆಯಷ್ಟು ಏರುತ್ತದೆ. ಆದ್ದರಿಂದ ಮೊದಲಿನ ವೈನಿನಲ್ಲಿ ಅದು ಕಡಿಮೆಯೇ ಇರಬೇಕು. ಹುಳಿ ಸಾಕಷ್ಟಿರದಿದ್ದರೆ ಗುಳ್ಳೆ ವೈನ್ ಸಪ್ಪೆಯಾಗುತ್ತದೆ. ಅಂದರೆ ಬೆಟ್ಟದ ಹಣ್ಣಿಗೆ ದೋಷವೆಂದು ಹೇಳುತ್ತಿದ್ದ ಎರಡೂ ಗುಣಗಳು ಈ ಪದಾರ್ಥಕ್ಕೆ ಅಗತ್ಯವಾದ ಗುಣಗಳೇ ಆದವು. ಬಿಸಿ ಸೀಮೆಯ ಬೆಳೆಗಾರರು ಇದೇ ಕಾರಣಕ್ಕೆ ಗುಳ್ಳೆ ವೈನಿನ ಹಣ್ಣನ್ನು ಅವಧಿಗೆ ಮುಂಚೆ ಕೊಯ್ಯಬೇಕಾಗುತ್ತದೆ. ಮೋರ್ಜೆಯವರಿಗೆ ಅದು ಪ್ರಕೃತಿಯೇ ಕೊಟ್ಟ ವರ.

ಅವರು ಇಷ್ಟಕ್ಕೇ ನಿಂತಿಲ್ಲ. ಗೊಂಚಲನ್ನು ಬಳ್ಳಿಯಲ್ಲೇ ಹಿಮಗಟ್ಟಲು ಬಿಟ್ಟು ಸಿಹಿ ವೈನ್ ಮಾಡುತ್ತಾರೆ. ಮೋಂ ಬ್ಲಾಂಗೆ ಹೋಗುವ ತಂತಿ ಹಾದಿಯ 2,173 ಮೀಟರ್ ಎತ್ತರದ ನಿಲ್ದಾಣದಲ್ಲಿ ಒಂದು ಗುಳ್ಳೆ ವೈನ್ ತಯಾರಾಗುತ್ತದೆ. ಈ ಕೊನೆಯದರಲ್ಲಿ ಶಾಸ್ತ್ರಕ್ಕಿಂತ ಪ್ರವಾಸಿಗಳನ್ನು ಸೆಳೆಯುವ ಜಾಣತನವೇ ಹೆಚ್ಚೆಂದು ನನಗೆ ತೋರುತ್ತದೆ. ಆದರೂ ಬೆಳೆಗಾರನಿಗೆ ನಾಲ್ಕು ಕಾಸು ಬರುವುದಾದರೆ ಅದರಲ್ಲಿ ತಪ್ಪೇನಿಲ್ಲ.

ಓದುಗರು ಗಮನಿಸಬೇಕಾದದ್ದು ಹಿಡುವಳಿಯ ಗಾತ್ರ. ಆ ಸಹಕಾರಿ ಮನೆಗೆ ಸುಮಾರು 80 ಸದಸ್ಯರು. ಎಲ್ಲರ ತೋಟ ಸೇರಿಸಿದರೂ 20 ಹೆಕ್ಟೇರಿನ ಒಳಗೆ. ತಲೆಗೆ ಅರ್ಧ ಎಕರೆ ಚಿಲ್ಲರೆ! ಅಷ್ಟರಲ್ಲಿ ಯಾರೊಬ್ಬರೂ ಹಿಂಡುವ ಯಂತ್ರ, ತಂಪು ತೊಟ್ಟಿ, ಸೀಸೆ ತುಂಬುವ ಸಲಕರಣೆ ಕೊಳ್ಳಲಾರರು. ಒಟ್ಟಾಗಿ ಕೊಂಡರು. 1985ರಲ್ಲಿ ಇಡೀ ಕಣಿವೆಯ ವೈನಿಗೆ ಕಾನೂನಿನ ಹೆಸರು ದೊರೆತಾಗ, ಅದರೊಳಗೆ ಮೋರ್ಜೆ ಮತ್ತು ಲಾ ಸಾಲ್‌ನ ಬಿಳಿ ವೈನಿಗೆ ಪ್ರತ್ಯೇಕ ಹೆಸರೂ ಉಳಿಯಿತು. ಕಣಿವೆಯ ಕೆಳಭಾಗದಲ್ಲಿ ಮಸ್ಕಾ, ಪೆತಿತ್ ಆರ್ವಿನ್, ಷಾರ್ಡೊನೆ ಮುಂತಾದ ಬೇರೆ ಬಿಳಿ ತಳಿಗಳೂ ಇವೆ, ಚೆನ್ನಾಗಿಯೂ ಬರುತ್ತವೆ. ಮೇಲಿನವರು ಅವನ್ನು ಕಂಡು ತಮ್ಮದನ್ನು ಕೀಳಲಿಲ್ಲ.

'ಅವರಿಗೆ ಹಣವಂತ ಪ್ರವಾಸಿಗಳಿದ್ದಾರೆ, ಸರ್ಕಾರದ ನೆರವಿದೆ, ನಮಗೇನಿದೆ?' ಎಂದು ನೀವು ಕೇಳಬಹುದು. ಮಾತು ನಿಜವೇ. ಅವರ ಕಷ್ಟವೂ ನಿಜ. 2017ರ ಏಪ್ರಿಲ್‌ನಲ್ಲಿ ಯುರೋಪಿನ ಅನೇಕ ಕಡೆ ಬಿದ್ದ ಮಂಜು ಈ ಕಣಿವೆಯ ಚಿಗುರನ್ನೂ ಸುಟ್ಟಿತು. ಆದರೆ ಸಂಘ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ನೋಡಿ ದರ ಕಟ್ಟುವುದನ್ನು ನಮ್ಮ ಹಳ್ಳಿಗಳು ಬಲ್ಲವು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೊ ಸಂಸ್ಥೆ, ಕೋಕೊ ಬೆಳೆಗಾರರನ್ನು ಉಳಿಸಲು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ದ್ರಾಕ್ಷಿಗೆ ಮಾತ್ರ ಇದು ಆಗದೆಂದು ಏಕೆ ಕೈಕಟ್ಟಿ ಕೂರಬೇಕು?

ಬೆಂಗಳೂರು ಬ್ಲೂ ಹಣ್ಣಿನಿಂದ ಮೋರ್ಜೆಯಂಥ ವೈನ್ ಆಗುತ್ತದೆಂದು ನಾನು ಹೇಳುತ್ತಿಲ್ಲ. ಅದರ ಜಾತಿಯೇ ಬೇರೆ, ವಾಸನೆಯೇ ಬೇರೆ. ಅದು ರಸಕ್ಕೆ ಒಗ್ಗಿದ ಹಣ್ಣು. ವೈನಿಗಾದರೆ ಅಬಕಾರಿ ಪರವಾನಗಿಯ ತೊಡಕಿದೆ, ರಸಕ್ಕೆ ಅದೂ ಇಲ್ಲ. ತಳಿ ಬದಲಿಸಬೇಕೆಂದು ಗುದ್ದಲಿ ಎತ್ತಿರುವವರು ಒಂದು ಹಂಗಾಮು ತಾಳಿರಿ. ಹಣ್ಣು ಬಣ್ಣ ತಿರುಗಿದಂದಿನಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಸಕ್ಕರೆ ಮತ್ತು ಹುಳಿ ಎರಡನ್ನೂ ಪರೀಕ್ಷೆ ಮಾಡಿಸಿ, ಬರೆದಿಟ್ಟುಕೊಂಡು, ಆ ಲೆಕ್ಕದೊಡನೆ ನಾಲ್ಕು ಜನ ನೆರೆಯ ಬೆಳೆಗಾರರನ್ನೂ ಕರೆದುಕೊಂಡು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬನ್ನಿರಿ.