ಪ್ಲಾಟ್ ಅಂಟಿಸೋದು ನಿಲ್ಲಿಸಿ (ಭಾಗ 3)

ಪ್ರಾಜೆಕ್ಟ್ ರಿಪೋರ್ಟ್ ಸೀಸನ್ ಬಂತು, ಮತ್ತೆ ಅದೇ ಕಥೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಾಲ್ಕು ಪ್ಲಾಟ್ ಬೇರೆ ಬೇರೆ ಸೇವ್ ಮಾಡೋದು, ಪವರ್‌ಪಾಯಿಂಟ್‌ನಲ್ಲಿ ಎಳೆದೆಳೆದು ಜೋಡಿಸೋದು, ಸ್ಕ್ರೀನ್‌ಶಾಟ್ ತೆಗೆದು ವರ್ಡ್‌ಗೆ ಹಾಕೋದು. ಕೇಳಿದ್ರೆ "ಡೇಟಾ ಸರಿ ಇದ್ರೆ ಸಾಕಲ್ವಾ, ಲೇಔಟ್ ಬರೀ ಶೋಕಿ" ಅಂತೀರಿ. ಅಲ್ಲ ಮಗಾ. ಸರಿಯಾದ ಡೇಟಾ ಸುಳ್ಳು ಹೇಳೋಕೆ ಶುರು ಮಾಡೋದೇ ಆ ಜೋಡಣೆಯಲ್ಲಿ.

ಮಳೆ ಪ್ರಾಜೆಕ್ಟನ್ನೇ ತಗೊಳ್ಳಿ. ಎಡಕ್ಕೆ ಕರ್ನಾಟಕದ ಮ್ಯಾಪ್, ಬಲಕ್ಕೆ ಒಂದರ ಕೆಳಗೊಂದು ಆಗುಂಬೆ, ಬೆಂಗಳೂರು, ಚಿತ್ರದುರ್ಗದ ತಿಂಗಳವಾರು ಬಾರ್‌ಗಳು. ಆಗುಂಬೆಯ ವಾರ್ಷಿಕ ಸರಾಸರಿ 7000 ಮಿ.ಮೀ. ದಾಟುತ್ತೆ, ಚಿತ್ರದುರ್ಗದ್ದು 1000 ಕೂಡ ಮುಟ್ಟಲ್ಲ. ಬೇರೆ ಬೇರೆ ಪ್ಲಾಟ್ ಮಾಡಿದ್ರೆ ಲೈಬ್ರರಿ ಒಂದೊಂದಕ್ಕೂ ಅದರದ್ದೇ ವೈ ಸ್ಕೇಲ್ ಹಾಕುತ್ತೆ. ಅಂಟಿಸಿ ನೋಡಿ: ಚಿತ್ರದುರ್ಗದ ಬಾರ್ ಆಗುಂಬೆಯಷ್ಟೇ ಎತ್ತರ! ಪಕ್ಕದ ಸಂಖ್ಯೆಗಳು ಸರಿಯಾಗೇ ಇರ್ತವೆ, ನಿಜ. ಆದ್ರೆ ಚಿತ್ರವನ್ನ ಅಷ್ಟು ಚಿಕ್ಕದು ಮಾಡಿದ ಮೇಲೆ ಅವು ಯಾರಿಗೆ ಕಾಣುತ್ತೆ? ವೈವಾದಲ್ಲಿ ಎಕ್ಸ್‌ಟರ್ನಲ್ ನೋಡೋದು ಬಾರ್‌ನ ಎತ್ತರ.

ಕೆಲವು ಸೀನಿಯರ್‌ಗಳ ಮದ್ದು ಇನ್ನೊಂದು: ಆಡ್_ಆಕ್ಸಿಸ್‌ಗೆ 0.62, 0.11 ಅಂತ ನಂಬರ್ ತುರುಕೋದು. ಮ್ಯಾಪ್ ಮೂಲೆಯಲ್ಲಿ ಒಂದು ಪುಟ್ಟ ಇನ್‌ಸೆಟ್ ಕೂರಿಸೋಕೆ ಓಕೆ. ಇಡೀ ಚಿತ್ರವನ್ನ ಹಾಗೆ ಕಟ್ಟಿದ್ರೆ, ಗೈಡ್ "ಮೈಸೂರನ್ನೂ ಸೇರಿಸಿ" ಅಂದ ರಾತ್ರಿ ಎಲ್ಲಾ ನಂಬರ್ ಮತ್ತೆ ಲೆಕ್ಕ ಹಾಕ್ತಾ ಕೂತಿರ್ತೀರಿ.

ಯಾವುದು ಯಾವುದರ ಒಳಗೆ ಅನ್ನೋದನ್ನ ಕೋಡ್‌ಗೇ ಹೇಳಿ. ಫಿಗರ್ ಮಾಡುವಾಗ್ಲೇ ಲೇಔಟ್ 'ಕನ್‌ಸ್ಟ್ರೈನ್ಡ್' ಅಂತ ಕೊಡಿ. ಹೊರಗಿನ ಎರಡು ಭಾಗಕ್ಕೆ ಸಬ್‌ಫಿಗರ್ಸ್(1, 2), ಅಗಲದ ಅನುಪಾತ 2, 1. ಆಮೇಲೆ ಬಲಭಾಗದ ಒಳಗೆ ಮಾತ್ರ ಸಬ್‌ಪ್ಲಾಟ್ಸ್(3, 1), ಶೇರ್‌ಎಕ್ಸ್ ಮತ್ತು ಶೇರ್‌ವೈ ಎರಡೂ ಟ್ರೂ. ಮೂರೂ ಊರು ಒಂದೇ ಅಳತೆಗೆ ಬಂದವು. ತಿಂಗಳ ಹೆಸರು ಕೆಳಗಿನ ಪ್ಲಾಟ್‌ನಲ್ಲಿ ಮಾತ್ರ. ಮ್ಯಾಪ್‌ನ ಕಲರ್‌ಬಾರ್ ತನ್ನ ಭಾಗ ಬಿಟ್ಟು ಆಚೆ ಬರಲ್ಲ, ಎರಡೂ ಭಾಗಕ್ಕೆ ಬೇರೆ ಬೇರೆ ಶೀರ್ಷಿಕೆ ಕೊಡಬಹುದು. ಮೈಸೂರು ಬೇಕಾ? 3 ಇದ್ದಲ್ಲಿ 4 ಮಾಡಿ, ಪಟ್ಟಿಗೆ ಒಂದು ಹೆಸರು ಸೇರಿಸಿ.

"ಈಗ ಚಿತ್ರದುರ್ಗದ ಬಾರ್ ನೆಲಕ್ಕೆ ಅಂಟಿಕೊಂಡ ಹಾಗೆ ಕಾಣ್ತಿದೆ" ಅಂತ ಗೊಣಗ್ತೀರಾ? ಕಾಣ್ಲಿ ಬಿಡಿ. ಅಲ್ಲಿ ಮಳೆ ಬರೋದೇ ಅಷ್ಟು. ಎಷ್ಟು ಮಳೆ ಅನ್ನೋದಲ್ಲ, ಯಾವ ತಿಂಗಳು ಜಾಸ್ತಿ ಅನ್ನೋದಷ್ಟೇ ನಿಮ್ಮ ವಿಷಯ ಆಗಿದ್ರೆ ಸ್ಕೇಲ್ ಬೇರೆ ಬೇರೆ ಇಡಿ, ತಪ್ಪಿಲ್ಲ. ಹಾಗೆ ಇಟ್ಟಿದ್ದೀರಿ ಅಂತ ಚಿತ್ರದ ಕೆಳಗೆ ದೊಡ್ಡದಾಗಿ ಬರೀರಿ.

ಲ್ಯಾಬ್‌ನಲ್ಲಿ ಹಳೇ ವರ್ಷನ್ ಅನ್ನೋ ನೆಪವೂ ನಡೆಯಲ್ಲ. ಸಬ್‌ಫಿಗರ್ಸ್ ಬಂದಿದ್ದು 2021ರ 3.4ರಲ್ಲಿ. ಅದಕ್ಕಿಂತ ಹಳೇದಾದ್ರೆ ಗ್ರಿಡ್‌ಸ್ಪೆಕ್ ಒಳಗೊಂದು ಸಬ್‌ಗ್ರಿಡ್‌ಸ್ಪೆಕ್ ಇಡಿ. ಗುಂಪಿಗೊಂದು ಶೀರ್ಷಿಕೆ ಸುಲಭವಾಗಿ ಸಿಗಲ್ಲ, ಅಷ್ಟೇ.

ಪೂರ್ತಿ ಕೋಡ್ ಹೈಲೈಟ್ಸ್‌ನಲ್ಲಿದೆ. ಭಾಗ 4ರಲ್ಲಿ ರೇನ್‌ಬೋ ಕಲರ್‌ಮ್ಯಾಪ್ ಪ್ರಿಯರ ಸರದಿ.

#ಪ್ಲಾಟ್_ಅಂಟಿಸಬೇಡಿ #ಮ್ಯಾಟ್‌ಪ್ಲಾಟ್‌ಲಿಬ್ #ಕನ್ನಡದಲ್ಲಿ_ಕೋಡ್